ಶಿಬಿರದ ಊಟದ ಸಾಲು ಸರಿಹೋದದ್ದು ಹೀಗೆ

ಮಲೆನಾಡಿನಲ್ಲಿ ನಮ್ಮದೊಂದು ಮಕ್ಕಳ ಬೇಸಿಗೆ ಶಿಬಿರ. ಊಟದ ಮನೆಯ ಜವಾಬ್ದಾರಿ ನನ್ನದು. ಮಧ್ಯಾಹ್ನದ ಸಾಲು ಅಂಗಳದವರೆಗೆ ಬೆಳೆಯುತ್ತಿತ್ತು. ಕೊನೆಯ ಮಕ್ಕಳ ಹೊತ್ತಿಗೆ ಸಾರು ಆರಿಹೋಗಿರುತ್ತಿತ್ತು. ಅದರ ಮೇಲೆ ತಟ್ಟೆಯಲ್ಲಿ ಉಳಿಯುವ ಅನ್ನ. ಅದನ್ನು ಬಕೆಟ್ಟಿಗೆ ಸುರಿಯುವಾಗ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಬಡಿಸದೆ ಸುಮ್ನೆ ನಿಂತು ನೋಡಿದೆ. ಸಾಲು ನಿಲ್ಲುತ್ತಿದ್ದದ್ದು ಉಪ್ಪಿನಕಾಯಿ ಹತ್ತಿರ! ಬೇಕೋ ಬೇಡವೋ ಅಂತ ಪ್ರತಿ ಮಗುವೂ ಅಲ್ಲೇ ಯೋಚಿಸುತ್ತಿತ್ತು. ಅನ್ನ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದದ್ದು, ಮತ್ತೆ ಸಾಲಿಗೆ ನಿಲ್ಲಬೇಕಲ್ಲ ಅನ್ನೋ ಭಯಕ್ಕೆ.

ಹಾಗಾಗಿ ಸಾಲನ್ನೇ ಬಿಟ್ಟು ಪಂಕ್ತಿ ಹಾಕಿದೆವು. ಉದ್ದ ಜಮಖಾನ, ಎದುರುಬದುರು ಮಕ್ಕಳು, ನಡುವೆ ಬಡಿಸುವವರು ಓಡಾಡಲು ಜಾಗ. ಮಕ್ಕಳು ಕೂರುವಷ್ಟರಲ್ಲಿ ಪಲ್ಯ, ಉಪ್ಪಿನಕಾಯಿ ತಟ್ಟೆಯಲ್ಲಿರುತ್ತದೆ. ಮೊದಲ ಸುತ್ತಿಗೆ ಅನ್ನ ಸ್ವಲ್ಪವೇ. ಹಿಂದೆಯೇ ಒಲೆಯಿಂದ ನೇರ ಸಾರು. ಆಮೇಲೆ "ಅನ್ನ, ಅನ್ನ... ಇನ್ನೂ ಸ್ವಲ್ಪ ಹಾಕ್ಲಾ?" ಅಂತ ಇನ್ನೆರಡು ಸುತ್ತು. ಕೊನೆಗೆ ಮಜ್ಜಿಗೆ. ಬಡಿಸುವ ಕೆಲಸ ಹೈಸ್ಕೂಲಿನ ಮಕ್ಕಳದ್ದು, ದಿನಕ್ಕೊಂದು ಗುಂಪು. ಬಿಸಿ ಸಾರು ಮಾತ್ರ ದೊಡ್ಡವರ ಕೈಯಲ್ಲೇ, ಅದರಲ್ಲಿ ರಾಜಿ ಇಲ್ಲ. ಬಡಿಸಿದವರು ಕೊನೆಗೆ ಕೂರುವುದರಿಂದ ಅವರ ಪಾಲಿನ ಹಪ್ಪಳ ಮೊದಲೇ ಎತ್ತಿಡಬೇಕು. ಇದು ಸಣ್ಣ ವಿಷಯ ಅಲ್ಲ, ಹಸಿದ ಮಕ್ಕಳು ಅಲ್ವಾ!

ಈಗ ಬಕೆಟ್ಟಿನ ತಳ ಮುಚ್ಚುವಷ್ಟೂ ಅನ್ನ ಉಳಿಯುವುದಿಲ್ಲ. ಅಡುಗೆಯ ಅಕ್ಕ ಅಕ್ಕಿ ಅಳೆಯುವಾಗ ಒಂದು ಸೇರು ಕಮ್ಮಿ ಹಾಕುತ್ತಾರೆ. ಕೈ ತೊಳೆಯುವ ನಲ್ಲಿ ಹತ್ತಿರ ನೂಕಾಟ ಇನ್ನೂ ಇದೆ. ಅಂಗಳದ ಆಚೆ ಬದಿಗೆ ಇನ್ನೊಂದು ಡ್ರಮ್ ನೀರು ಇಟ್ಟು ನೋಡಬೇಕು.