ಬಾಗಿಲಲ್ಲೇ ತಡೆದು ನಿಲ್ಲಿಸಿದ ಯೀಸ್ಟ್: ನನ್ನ ಅನುಭವ

"ಬಿಸಿ ಮಾಡಿ ನಿಲ್ಲಿಸೋದೆಲ್ಲ ಹಳೇ ಕಾಲದ್ದು, ಡೇಟಾ ಕೆಡುತ್ತೆ" ಎಂದಿದ್ದರು ಲ್ಯಾಬಿನ ಸೀನಿಯರ್ ಒಬ್ಬರು. ನಾನು ಮಾಡಲು ಹೊರಟಿದ್ದು ಇಷ್ಟೇ: ಯೀಸ್ಟ್ ಕೋಶಗಳನ್ನೆಲ್ಲ ಡಿಎನ್ಎ ನಕಲು ಶುರುವಾಗುವ ಬಾಗಿಲಲ್ಲೇ ತಡೆದು, ಆಮೇಲೆ ಒಟ್ಟಿಗೆ ಬಿಡುವುದು. ಈಗ ಅವರ ಹುಡುಗರೇ ನನ್ನ ಸಿಡಿಸಿ7 ಯೀಸ್ಟ್ (ಬಿಸಿಯಲ್ಲಿ ಸಿಡಿಸಿ7 ಎಂಬ ಕಿಣ್ವ ಕೆಲಸ ನಿಲ್ಲಿಸುವ ತಳಿ) ಕೇಳಿಕೊಂಡು ಬರುತ್ತಾರೆ.

ಮೊದಲ ವರ್ಷ ಕೋಶ ವಿಭಜನೆ ನಿಲ್ಲಿಸುವ ಯೀಸ್ಟ್ ಪೆಪ್ಟೈಡ್ ಆದ ಆಲ್ಫಾ ಫ್ಯಾಕ್ಟರ್‌ಗೇ ಹೋಯಿತು. 5 ಮಿಲಿಗ್ರಾಂಗೆ ಆಗ ಸುಮಾರು 30 ಸಾವಿರ ರೂಪಾಯಿ. ಹಾಕಿದ ಎರಡು ಗಂಟೆಗೆ ಕೋಶಗಳು ಗೇರುಹಣ್ಣಿನ ಹಾಗೆ ಮೂತಿ ಚಾಚುತ್ತಿದ್ದವು. ಇನ್ನೊಂದು ಗಂಟೆಗೆ ಪೆಪ್ಟೈಡ್ ತಿಂದು ಮುಗಿಸಿ ಆರಾಮಾಗಿ ಮೊಗ್ಗು ಬಿಡುತ್ತಿದ್ದವು. ಆ ಪೆಪ್ಟೈಡ್ ತಿನ್ನುವ ಕಿಣ್ವದ ಜೀನ್ ಬಾರ್1 ತೆಗೆದ ಮೇಲೆ ಖರ್ಚೇನೋ ನೂರರಲ್ಲಿ ಒಂದು ಪಾಲಾಯಿತು. ಆದರೆ ಆಲ್ಫಾ ಫ್ಯಾಕ್ಟರ್ ನಿಲ್ಲಿಸುವುದೇ ಬಾಗಿಲಿಗಿಂತ ತುಂಬಾ ಹಿಂದೆ. ಬಿಟ್ಟ ಮೇಲೆ ಡಿಎನ್ಎ ನಕಲು ಶುರುವಾಗುವಷ್ಟರಲ್ಲಿ ಒಂದೊಂದು ಕೋಶ ಒಂದೊಂದು ಕಡೆ.

ಸಿಡಿಸಿ7 ಹಾಗಲ್ಲ. 37 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟರೆ ಮೊಗ್ಗು ತಾಯಿಯಷ್ಟೇ ದಪ್ಪ, ಒಳಗೆ ಡಿಎನ್ಎ ಮಾತ್ರ ಇನ್ನೂ ಒಂದೇ ಪ್ರತಿ. ಡಿಎನ್ಎ ಎಳೆ ಬಿಚ್ಚುವ ಎಂಸಿಎಂ ಪ್ರೋಟೀನ್ ಡಿಎನ್ಎ ಮೇಲೆ ಕೂತಾಗಿರುತ್ತೆ, ಅದಕ್ಕೆ ಫಾಸ್ಫೇಟ್ ಹಚ್ಚಿ ಚಾಲೂ ಮಾಡುವ ಸಿಡಿಸಿ7 ಇಲ್ಲ, ಅಷ್ಟೇ.

ನಾಲ್ಕು ಸಲ ಸೋತೆ. ಗಾಳಿ ಶೇಕರ್‌ನಲ್ಲಿ ಅರ್ಧ ಲೀಟರ್ ಇಟ್ಟಿದ್ದೆ, ಅದು ಬಿಸಿಯಾಗುವಷ್ಟರಲ್ಲಿ ಎಷ್ಟೋ ಕೋಶ ದಾಟಿಹೋಗಿದ್ದವು. ಇನ್ನೊಮ್ಮೆ ಐದು ಗಂಟೆ ಬಿಟ್ಟೆ, ಪ್ಲೇಟ್‌ನಲ್ಲಿ ಅರ್ಧದಷ್ಟೂ ಬೆಳೆಯಲಿಲ್ಲ. ನಾಚಿಕೆಯ ಸಂಗತಿ ಬೇರೆಯೇ ಇದೆ. ಬಿಡುವ ಮುಂಚಿನ, ಸೊನ್ನೆ ನಿಮಿಷದ ಸ್ಯಾಂಪಲ್‌ನಲ್ಲೇ ಕೋಶಕೋಶದ ಡಿಎನ್ಎ ಅಳೆಯುವ ಫ್ಲೋ ಸೈಟೋಮೀಟರ್ ಎರಡು ಪ್ರತಿಯ ಪೀಕ್ ತೋರಿಸಿದ್ದು ಕಂಡು "ತಡೆ ಲೀಕ್ ಆಗ್ತಿದೆ" ಎಂದು ಗೈಡ್‌ಗೆ ಹೇಳಿಬಿಟ್ಟೆ. ಸೋನಿಕೇಟ್ ಮಾಡಿರಲಿಲ್ಲ, ಅಂದರೆ ಶಬ್ದತರಂಗದಿಂದ ಕೋಶಗಳನ್ನು ಬಿಡಿಸಿರಲಿಲ್ಲ. ಅಂಟಿಕೊಂಡ ಕೋಶಗಳನ್ನು ಮಷೀನ್ ಒಂದೇ ಎಂದು ಎಣಿಸಿತ್ತು, ಅಷ್ಟೇ! ಬೇರೆಯವರ ಫ್ಲೋ ಸೈಟೋಮೀಟರ್‌ಗೆ ಗಂಟೆಗೆ ಸಾವಿರದ ಮೇಲೆ ಕೊಟ್ಟು ಕಲಿತ ಪಾಠ.

ಕೊನೆಗೆ 50 ಎಂಎಲ್, ನೀರಿನ ಶೇಕರ್, ಬಿಡುವಾಗ ತಣ್ಣನೆಯ ಮೀಡಿಯಾ. ಎಷ್ಟು ತಣ್ಣಗೆ, ಎಷ್ಟು ಪಾಲು ಅಂತ ಈಗ ಕೇಳಬೇಡಿ, ಪೇಪರ್ ಬರಲಿ. 15ನೇ ನಿಮಿಷಕ್ಕೆ ಪೀಕ್ ಅಲ್ಲಾಡಿತು, 40ರ ಹೊತ್ತಿಗೆ ಮುಕ್ಕಾಲುಪಾಲು ಎರಡು ಪ್ರತಿ.

ಸುಮ್ನೆ ಕುತೂಹಲಕ್ಕೆ, ಬಿಡುವಾಗಲೇ ಪ್ರೋಟೀನ್ ತಯಾರಿ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಹಾಕಿದೆ. ಹೊಸ ಪ್ರೋಟೀನ್ ಇಲ್ಲದೆಯೂ ಪೀಕ್ ಸರಿಯಿತು. ಆಲ್ಫಾ ಫ್ಯಾಕ್ಟರ್‌ನಿಂದ ಬಿಟ್ಟವು ಮಾತ್ರ ಕೂತಲ್ಲೇ ಕೂತವು. ಯೀಸ್ಟ್ ವಿಜ್ಞಾನಿಗಳಾದ ಹೆರೆಫರ್ಡ್, ಹಾರ್ಟ್‌ವೆಲ್ 1974ರಲ್ಲೇ ತೋರಿಸಿದ್ದು ಇದನ್ನೇ. ಆದರೂ ನಮ್ಮ ಸ್ಕ್ರೀನ್ ಮೇಲೆ ಕಂಡಾಗ ಖುಷಿಯೇ ಬೇರೆ ಅಲ್ವಾ?

ಒಂದು ಮಾತು: ಫ್ರಿಜ್ಜಿನ ಹಳೇ ಪ್ಲೇಟ್ ಬೇಡ. 37ರಲ್ಲೂ ಬೆಳೆಯುವ ಕಳ್ಳರು ಅದರಲ್ಲಿ ಸೇರಿಕೊಂಡಿರುತ್ತಾರೆ.