ಕ್ಲಬ್ಬಿನಿಂದ ಕ್ಲಬ್ಬಿಗೆ: ಇಂಗ್ಲೆಂಡಿನ ಕೆಳಗಿನ ಲೀಗುಗಳಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದ್ದು

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡುತ್ತೇನೆ ಅಂದರೆ ಊರಿನವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಯಾವ ಟೀಮೋ? ಮ್ಯಾಂಚೆಸ್ಟರ್ರಾ, ಲಿವರ್‌ಪೂಲಾ?" ಎರಡೂ ಅಲ್ಲ. ನೀವು ಹೆಸರು ಕೇಳಿರುವ ಯಾವುದೂ ಅಲ್ಲ. ಅಲ್ಲಿ ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್, ಅದರ ಕೆಳಗಿನ ಮೂರು ಡಿವಿಷನ್‌ಗಳಲ್ಲಿ 72. ಈ 92ರ ಕೆಳಗೆ ಐದನೇ ಮೆಟ್ಟಿಲಿನಿಂದ ಶುರುವಾಗುವುದಕ್ಕೆ ನಾನ್-ಲೀಗ್ ಅನ್ನುತ್ತಾರೆ. ನಾನು ಆಡಿದ್ದು ಹೆಚ್ಚಾಗಿ ಏಳನೇ ಮತ್ತು ಎಂಟನೇ ಮೆಟ್ಟಿಲಲ್ಲಿ. ಒಂದು ಸೀಸನ್ ಆರನೆಯದರಲ್ಲೂ ಆಡಿದ್ದೆ. ದುಡ್ಡು ಕೊಡುತ್ತಾರೆ, ಆದರೆ ಅದರಲ್ಲೇ ಸಂಸಾರ ನಡೆಯುವುದಿಲ್ಲ. ಹಗಲು ನಾನು ಶಾಲೆಯಲ್ಲಿ ಗಣಿತ ಮೇಷ್ಟ್ರು.

ನಾವು ಶಿವಮೊಗ್ಗ ಕಡೆಯವರು. ಅಪ್ಪನಿಗೆ ವೋಲ್ವರ್‌ಹ್ಯಾಂಪ್ಟನ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ನಾನು ಪ್ರೈಮರಿ ಶಾಲೆ ಹುಡುಗ. ಅಮ್ಮ ಪ್ರತಿ ಭಾನುವಾರ ಕೂರಿಸಿಕೊಂಡು ಕನ್ನಡ ಬರೆಸುತ್ತಿದ್ದರು, ಅದಕ್ಕೇ ಇದನ್ನು ಬರೆಯಲು ಆಗುತ್ತಿದೆ. ಉಳಿದ ಹೊತ್ತೆಲ್ಲ ಪಾರ್ಕಿನಲ್ಲಿ ಚೆಂಡು. ಅಲ್ಲಿಂದ ಒಂದು ಲೀಗ್ ಕ್ಲಬ್ಬಿನ ಅಕಾಡೆಮಿಗೆ ಸೇರಿದೆ. 16ಕ್ಕೆ ಅಲ್ಲಿ ಸ್ಕಾಲರ್‌ಶಿಪ್ ಅಂತ ಎರಡು ವರ್ಷದ ಒಪ್ಪಂದ ಕೊಡುತ್ತಾರೆ, ಟ್ರೈನಿಂಗ್ ಜೊತೆಗೆ ಓದು. 18ಕ್ಕೆ ಅದರಲ್ಲಿ ಕೆಲವರಿಗೆ ಮಾತ್ರ ಪ್ರೊಫೆಷನಲ್ ಕಾಂಟ್ರಾಕ್ಟ್. ನನ್ನನ್ನು 16ಕ್ಕೇ ಬಿಟ್ಟುಬಿಟ್ಟರು. ಸಣ್ಣಗಿದ್ದೀಯ ಅಂದರು. ಸಣ್ಣಗಿದ್ದೆ, ನಿಜ. ಅದೇ ಬೇಸಿಗೆಯಲ್ಲಿ ಪಕ್ಕದ ಊರಿನ ನಾನ್-ಲೀಗ್ ಕ್ಲಬ್ಬಿನ ಯೂತ್ ಟೀಮು ಸೇರಿದೆ. ಆಮೇಲೆ ಒಂದೇ ಕ್ಲಬ್ಬಿನಲ್ಲಿ ಮೂರು ಸೀಸನ್ ದಾಟಿದ್ದೇ ಇಲ್ಲ.

ಇಷ್ಟು ಕ್ಲಬ್ ಯಾಕೆ ಬದಲಿಸಿದೆ ಅಂತ ಕೇಳುತ್ತಾರೆ, ನನ್ನಲ್ಲೇ ಏನೋ ದೋಷ ಇರಬೇಕು ಅನ್ನುವ ಧಾಟಿಯಲ್ಲಿ. ಆದರೆ ಕೆಳಗಿನ ಲೀಗುಗಳು ನಡೆಯುವುದೇ ಹಾಗೆ. ನಮ್ಮಲ್ಲಿ ಬಹಳ ಜನಕ್ಕೆ ಕಾಂಟ್ರಾಕ್ಟ್ ಇರುವುದಿಲ್ಲ, ನಾನ್-ಕಾಂಟ್ರಾಕ್ಟ್ ಆಟಗಾರರು. ವಾರಕ್ಕಿಷ್ಟು, ಇಲ್ಲವೇ ಮ್ಯಾಚಿಗಿಷ್ಟು. ಬೇರೆ ಕ್ಲಬ್ಬಿಗೆ ನೀವು ಬೇಕಾದರೆ ಅವರು ನಿಮ್ಮ ಕ್ಲಬ್ಬಿಗೆ ಏಳು ದಿನದ ನೋಟಿಸ್ ಕೊಡುತ್ತಾರೆ. ಏಳು ದಿನ ಕಳೆದ ಮೇಲೆ ಸಹಿ ಹಾಕಬಹುದು. ಮ್ಯಾನೇಜರ್ ಕೆಲಸ ಹೋದರೆ ಅವನು ಮುಂದಿನ ಕ್ಲಬ್ಬಿಗೆ ತನ್ನ ಅರ್ಧ ಟೀಮನ್ನೂ ಎಳೆದುಕೊಂಡು ಹೋಗುತ್ತಾನೆ. ನಾನು ಎರಡು ಸಲ ಹಾಗೆಯೇ ಹೋದವನು.

ಕಾಂಟ್ರಾಕ್ಟ್ ಇಲ್ಲದಿರುವುದು ಜನವರಿಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಮೈದಾನ ಹೆಪ್ಪುಗಟ್ಟಿದರೆ ಇಲ್ಲವೇ ನೀರು ನಿಂತರೆ ರೆಫರಿ ಬೆಳಿಗ್ಗೆಯೇ ಬಂದು ನೋಡಿ ಮ್ಯಾಚ್ ಮುಂದೂಡುತ್ತಾರೆ. ಮ್ಯಾಚಿಗಿಷ್ಟು ಅಂತ ಮಾತಾಗಿದ್ದರೆ ಆ ವಾರ ಸೊನ್ನೆ. ಅದಕ್ಕೇ ನಾನು ಮಾತಾಡುವಾಗ ಮೊದಲು ಮೈದಾನ ಯಾವುದು ಅಂತ ಕೇಳುತ್ತಿದ್ದೆ. 3ಜಿ ಅಂದರೆ ಸಿಂಥೆಟಿಕ್ ಹುಲ್ಲಿನ ಮೈದಾನ ಇದ್ದರೆ ಮ್ಯಾಚ್ ತಪ್ಪುವುದು ಕಡಿಮೆ. ಕೆಳಗೆ ಅದು ಎಲ್ಲರಿಗೂ ಅನುಕೂಲ, ಮೇಲೆ ಮಾತ್ರ ನಡೆಯುವುದಿಲ್ಲ. ಸಟನ್ ಯುನೈಟೆಡ್ ಕ್ಲಬ್ 2021ರಲ್ಲಿ ಲೀಗ್ ಟೂಗೆ, ಅಂದರೆ ನಾಲ್ಕನೇ ಮೆಟ್ಟಿಲಿಗೆ ಏರಿದಾಗ ತಮ್ಮ 3ಜಿ ಕಿತ್ತು ಮತ್ತೆ ಹುಲ್ಲು ಹಾಕಬೇಕಾಯಿತು. ನನಗಂತೂ ಈ ನಿಯಮದಲ್ಲಿ ಏನೂ ಅರ್ಥ ಕಾಣುವುದಿಲ್ಲ.

ಕ್ಲಬ್ಬಿನಿಂದ ಕ್ಲಬ್ಬಿಗೆ ಹೀಗೆ ಓಡಾಡುವ ಸ್ವಾತಂತ್ರ್ಯ ಮೊದಲು ಮೇಲಿನ ಆಟಗಾರರಿಗೂ ಇರಲಿಲ್ಲ. 1961ರವರೆಗೆ ಇಂಗ್ಲೆಂಡಿನಲ್ಲಿ ಎಂಥ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಜಾಸ್ತಿ ಸಂಬಳ ಕೊಡುವ ಹಾಗಿರಲಿಲ್ಲ. ಫುಲ್ಹಾಮಿನ ಜಿಮ್ಮಿ ಹಿಲ್ ಆಟಗಾರರ ಸಂಘದ ಮುಂದಾಳಾಗಿ ಅದನ್ನು ತೆಗೆಸಿದರು. ಒಪ್ಪಂದ ಮುಗಿದರೂ ಕ್ಲಬ್ಬು ಆಟಗಾರನನ್ನು ಬಿಡದೆ ಹಿಡಿದುಕೊಳ್ಳಬಹುದಿತ್ತು. ಜಾರ್ಜ್ ಈಸ್ಟ್‌ಹ್ಯಾಮ್ ಅದರ ವಿರುದ್ಧ ಕೋರ್ಟಿಗೆ ಹೋಗಿ 1963ರಲ್ಲಿ ಗೆದ್ದರು. 1995ರಲ್ಲಿ ಬಾಸ್ಮನ್ ಅನ್ನುವ ಆಟಗಾರನ ಕೇಸಿನಲ್ಲಿ ಯುರೋಪಿನ ಕೋರ್ಟಿನ ತೀರ್ಪು ಬಂದ ಮೇಲಂತೂ ಒಪ್ಪಂದ ಮುಗಿದ ಆಟಗಾರ ಪುಕ್ಕಟೆಯಾಗಿ ಹೋಗುವುದು ಮಾಮೂಲಾಯಿತು. ಇದರ ಬಿಸಿ ನಮಗೂ ತಾಗುತ್ತದೆ. ಸೀಸನ್ ಮುಗಿದ ಕೂಡಲೇ ಲೀಗ್ ಕ್ಲಬ್ಬುಗಳು ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಅಂತ ಪಟ್ಟಿ ಹೊರಡಿಸುತ್ತವೆ. ಜೂನ್ 30ಕ್ಕೆ ಒಪ್ಪಂದ ಮುಗಿದವರಲ್ಲಿ ಎಷ್ಟೋ ಜನ ಒಂದೊಂದೇ ಮೆಟ್ಟಿಲು ಇಳಿದು ನಮ್ಮ ಕಡೆ ಬರುತ್ತಾರೆ. ಅಂಥವನೊಬ್ಬ ನನ್ನ ಜಾಗಕ್ಕೆ ಬಂದರೆ ನಾನು ಇನ್ನೊಂದು ಮೆಟ್ಟಿಲು ಕೆಳಗೆ ಫೋನ್ ಮಾಡಬೇಕು.

ಹೊಸ ಕ್ಲಬ್ಬಿನಲ್ಲಿ ಬೇಗ ಉಪಯೋಗಕ್ಕೆ ಬರುವುದು ಹೇಗೆ ಅನ್ನುವುದನ್ನೇ ನಾನು ಈ ವರ್ಷಗಳಲ್ಲಿ ಕಲಿತದ್ದು. ವಾರಕ್ಕೆ ಎರಡೇ ಟ್ರೈನಿಂಗ್. ಗುರುವಾರ ಸಹಿ, ಶನಿವಾರ ಮ್ಯಾಚ್. ಹೊಂದಿಕೊಳ್ಳಲು ಒಂದು ತಿಂಗಳು ಬೇಕು ಅನ್ನುವ ಮಿಡ್‌ಫೀಲ್ಡರ್‌ನನ್ನು ಯಾವ ಗ್ಯಾಫರೂ ಕಾಯುವುದಿಲ್ಲ. ಮ್ಯಾನೇಜರ್‌ನನ್ನು ನಾವೆಲ್ಲ ಗ್ಯಾಫರ್ ಅಂತಲೇ ಕರೆಯುವುದು.

ಮೊದಲ ಟ್ರೈನಿಂಗಿನಲ್ಲಿ ನಾನು ನನ್ನ ಆಟ ತೋರಿಸಲು ಹೋಗುತ್ತಿರಲಿಲ್ಲ. ಎರಡು ವಿಷಯ ನೋಡುತ್ತಿದ್ದೆ. ಒಂದು, ಸೆಂಟರ್ ಹಾಫ್‌ಗಳು, ಅಂದರೆ ನಡುವಿನ ಡಿಫೆಂಡರುಗಳು, ಯಾವ ಕಾಲಿನವರು, ಒತ್ತಡ ಬಂದರೆ ಚೆಂಡು ಎಲ್ಲಿಗೆ ಒದೆಯುತ್ತಾರೆ. ಬಲಗಾಲಿನವನು ಎಡಗಡೆ ಆಡುತ್ತಿದ್ದರೆ ಅವನು ಚೆಂಡನ್ನು ಒಳಗೆ ತಿರುಗಿಸಿಕೊಳ್ಳುತ್ತಾನೆ. ಆಗ ನಾನು ಅವನ ಮುಂದೆ ನೇರವಾಗಿ ನಿಲ್ಲದೆ ಸ್ವಲ್ಪ ಬಲಕ್ಕೆ ಸರಿದು, ಮೈ ಅರ್ಧ ತಿರುಗಿಸಿ ನಿಂತರೆ ಪಾಸ್ ಸಿಗುತ್ತದೆ. ಎರಡು, ಎಲ್ಲರ ಅಡ್ಡಹೆಸರು. ಹಿಂದಿನಿಂದ ಎದುರಾಳಿ ಬರುತ್ತಿದ್ದಾಗ "ಮ್ಯಾನ್ ಆನ್" ಅಂತ ಸುಮ್ನೆ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹೆಸರು ಸೇರಿಸಿ ಕೂಗಿದರೆ ಬೇಕಾದವನೇ ಕೇಳಿಸಿಕೊಳ್ಳುತ್ತಾನೆ.

ಇನ್ನು ಸೆಕೆಂಡ್ ಬಾಲ್. ನಮ್ಮ ಮೆಟ್ಟಿಲಲ್ಲಿ ಮಿಡ್‌ಫೀಲ್ಡರ್‌ಗೆ ಊಟ ಹಾಕುವುದೇ ಇದು. ಟಿವಿಯಲ್ಲಿ ಕಾಣುವ ಹಾಗೆ ಹಿಂದಿನಿಂದ ಒಂದೊಂದೇ ಪಾಸ್ ಕಟ್ಟಿಕೊಂಡು ಬರಲು ನವೆಂಬರಿನ ಕೆಸರಿನಲ್ಲಿ ಆಗುವುದಿಲ್ಲ. ಗೋಲ್‌ಕೀಪರ್ ಎತ್ತಿ ಒದೆಯುತ್ತಾನೆ. ನಮ್ಮ ಸ್ಟ್ರೈಕರ್, ಅವರ ಸೆಂಟರ್ ಹಾಫ್ ಇಬ್ಬರೂ ಹಾರುತ್ತಾರೆ. ತಲೆಗೆ ತಾಗಿ ಬೀಳುವ ಚೆಂಡು ಯಾರಿಗೆ ಸಿಗುತ್ತದೆ ಅನ್ನುವುದರ ಮೇಲೆ ಆಟ ನಿಂತಿರುತ್ತದೆ. ಹೊಸಬರು ಇಬ್ಬರ ಕೆಳಗೇ ಹೋಗಿ ನಿಲ್ಲುತ್ತಾರೆ. ಚೆಂಡು ಅಲ್ಲಿ ಬೀಳುವುದೇ ಇಲ್ಲ. ಸೆಂಟರ್ ಹಾಫ್ ಎದುರಿನಿಂದ ಓಡಿ ಬಂದು ಹಾರುತ್ತಾನೆ, ಸ್ಟ್ರೈಕರ್ ನಿಂತಲ್ಲಿಂದ ಬೆನ್ನು ಮಾಡಿ ಹಾರುತ್ತಾನೆ. ಹಾಗಾಗಿ ಹೆಚ್ಚಿನ ಸಲ ಸೆಂಟರ್ ಹಾಫೇ ಗೆಲ್ಲುತ್ತಾನೆ, ಚೆಂಡು ನಮ್ಮ ಕಡೆಗೇ ದೂರ ಬರುತ್ತದೆ. ಹತ್ತು ಹದಿನೈದು ಗಜ ಹಿಂದೆ ನಿಂತು, ಚೆಂಡು ಗಾಳಿಯಲ್ಲಿರುವಾಗ ಒಮ್ಮೆ ಹಿಂದೆ ತಿರುಗಿ ನೋಡಿ, ಅದು ತಲೆಗೆ ತಾಗುವ ಕ್ಷಣಕ್ಕೆ ಮುಂದಕ್ಕೆ ಹೆಜ್ಜೆ ಇಡಬೇಕು. ಮುಂದಕ್ಕೆ ಬರುತ್ತಿರುವವನಿಗೆ ಹಿಂದಕ್ಕೆ ಓಡುವವನಿಗಿಂತ ಸುಲಭ.

ಇದರಲ್ಲೂ ಸೂಕ್ಷ್ಮ ಇದೆ. ನಮ್ಮ ಸ್ಟ್ರೈಕರ್ ಸೆಂಟರ್ ಹಾಫ್‌ಗೆ ಒರಗಿ ಅವನನ್ನು ಸರಿಯಾಗಿ ಹಾರಲು ಬಿಡದಿದ್ದರೆ ಚೆಂಡು ಪಕ್ಕಕ್ಕೆ ಸಿಡಿಯುತ್ತದೆ. ಎದುರುಗಾಳಿ ಇದ್ದರೆ ಕೀಪರ್ ಒದ್ದದ್ದು ಹತ್ತು ಗಜ ಮೊದಲೇ ಬೀಳುತ್ತದೆ. ವಾರ್ಮ್ ಅಪ್ ಹೊತ್ತಿನಲ್ಲೇ ಕಾರ್ನರ್ ಬಾವುಟ ನೋಡಿ ಗಾಳಿ ಯಾವ ಕಡೆಗಿದೆ ಅಂತ ತಿಳಿದುಕೊಳ್ಳುತ್ತಿದ್ದೆ. ಸಣ್ಣಗಿರುವ ನನಗೆ ಇದು ವರವಾಯಿತು. ಹಾರುವುದು ಬೇರೆಯವರ ಕೆಲಸ, ಬೀಳುವ ಜಾಗ ಹುಡುಕುವುದು ನನ್ನದು. ಚೆಂಡು ಸಿಕ್ಕ ಮೇಲೆ ಎರಡು ಟಚ್ಚಿಗಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ವಿಂಗರ್‌ಗೆ ಕೊಡು, ಮತ್ತೆ ಜಾಗಕ್ಕೆ ಬಾ. ನೋಡುವವರಿಗೆ ಏನೂ ಮಾಡಿದ ಹಾಗೆ ಕಾಣುವುದಿಲ್ಲ. ಗ್ಯಾಫರ್‌ಗೆ ಕಾಣುತ್ತದೆ.

ಮೈದಾನದ ಹೊರಗೆ ಹೊಸಬನಿಗೆ ಒಂದು ಪರೀಕ್ಷೆ ಇದೆ. ಕೋಚ್ ಬಸ್ಸಿನಲ್ಲೋ ಕ್ಲಬ್‌ಹೌಸಿನಲ್ಲೋ ಕುರ್ಚಿ ಹತ್ತಿ ನಿಂತು ಹಾಡಬೇಕು. ಬೇರೆಯವರಿಗೆ ಜೀವನದಲ್ಲಿ ಒಂದೆರಡು ಸಲದ ಸಂಕಟ, ನನಗೆ ಹೆಚ್ಚುಕಡಿಮೆ ವಾರ್ಷಿಕ ಹಬ್ಬ. ಎಲ್ಲ ಕಡೆ ಒಂದೇ ರಾಜ್‌ಕುಮಾರ್ ಹಾಡು ಹಾಡಿದ್ದೇನೆ. ಅರ್ಥ ಗೊತ್ತಿಲ್ಲದವರ ಎದುರು ತಾಳ ತಪ್ಪಿದರೂ ಯಾರೂ ಬಯ್ಯುವುದಿಲ್ಲ, ಮೇಜು ಬಡಿಯುತ್ತಾರೆ. ನಮ್ಮಂಥ ಮುಖ ಆ ರೂಮಿನಲ್ಲಿ ಬಹಳ ಸಲ ನನ್ನದೊಂದೇ. ಇಂಗ್ಲೆಂಡಿನಲ್ಲಿ ಇಷ್ಟೊಂದು ಭಾರತೀಯ ಕುಟುಂಬಗಳಿದ್ದೂ ಈ ಆಟದಲ್ಲಿ ನಾವು ಇಷ್ಟು ಕಡಿಮೆ ಇರುವುದಕ್ಕೆ ನಮ್ಮ ಮಕ್ಕಳಿಗೆ ಆಸಕ್ತಿ ಇಲ್ಲ ಅನ್ನುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಭಾನುವಾರ ಯಾವ ಪಾರ್ಕಿಗೆ ಹೋದರೂ ಆಡುವ ಮಕ್ಕಳು ಕಾಣುತ್ತಾರೆ. ಅವರನ್ನು ನೋಡಲು ಕ್ಲಬ್ಬುಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಬರುವುದಿಲ್ಲ.

ದೊಡ್ಡ ಕ್ಲಬ್ಬು ಸಣ್ಣ ಕ್ಲಬ್ಬು ಎಲ್ಲ ಒಟ್ಟಿಗೆ ಆಡುವ ನಾಕೌಟ್ ಪಂದ್ಯಾವಳಿ ಎಫ್‌ಎ ಕಪ್ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ನಮಗೆ ಅದು ಆಗಸ್ಟಿನಲ್ಲೇ ಶುರು. ಹಲವು ಅರ್ಹತಾ ಸುತ್ತು ದಾಟಿದರೆ ನವೆಂಬರಿನಲ್ಲಿ ಮೊದಲ ಸುತ್ತು. ಅಲ್ಲಿ ಲೀಗ್ ಒನ್, ಲೀಗ್ ಟೂನ 48 ಕ್ಲಬ್ಬುಗಳ ಜೊತೆ ನಾನ್-ಲೀಗಿನ 32 ಸೇರುತ್ತವೆ. ಪ್ರೀಮಿಯರ್ ಲೀಗಿನವರು ಬರುವುದು ಜನವರಿಯ ಮೂರನೇ ಸುತ್ತಿಗೆ. ನಾನು ನಾಲ್ಕನೇ ಅರ್ಹತಾ ಸುತ್ತಿನವರೆಗೆ ಹೋಗಿ ಸೋತಿದ್ದೇನೆ. ಕ್ಲಬ್ ಬದಲಿಸುವವನಿಗೆ ಈ ಕಪ್ಪಿನಲ್ಲಿ ಒಂದು ಬಲೆ ಇತ್ತು. ಒಂದು ಕ್ಲಬ್ಬಿಗೆ ಆಡಿದರೆ ಆ ಸೀಸನ್ ಬೇರೆ ಕ್ಲಬ್ಬಿಗೆ ಎಫ್‌ಎ ಕಪ್ ಆಡುವ ಹಾಗಿರಲಿಲ್ಲ. ಕಪ್-ಟೈಡ್ ಅನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಯಾವ ಮ್ಯಾನೇಜರ್ ಫೋನ್ ಮಾಡಿದರೂ ಹೇಗಿದ್ದೀಯ ಅನ್ನುವ ಮೊದಲೇ ಕಪ್ಪಿನಲ್ಲಿ ಆಡಿದ್ದೀಯಾ ಅಂತ ಕೇಳುತ್ತಿದ್ದ. ಇದೇ ಕಪ್ಪಿನಲ್ಲಿ 2002ರ ಡಿಸೆಂಬರಿನಲ್ಲಿ ಆಕ್ಸ್‌ಫರ್ಡ್ ಯುನೈಟೆಡ್‌ನ ಜೆಫರ್ಸನ್ ಲೂಯಿಸ್ ಸ್ವಿಂಡನ್ ವಿರುದ್ಧ ಗೋಲು ಹೊಡೆದ. ಮುಂದಿನ ಸುತ್ತಿಗೆ ಆರ್ಸೆನಲ್ ಸಿಕ್ಕಿತು ಅಂತ ಗೊತ್ತಾದಾಗ ಡ್ರೆಸ್ಸಿಂಗ್ ರೂಮಿನಲ್ಲಿ ಬರೀ ಮೈಯಲ್ಲಿ ಕುಣಿದದ್ದು ಟಿವಿಯಲ್ಲಿ ನೇರಪ್ರಸಾರವಾಯಿತು. ಮುಂದೆ ಅವನು ಆಡಿದ ಕ್ಲಬ್ಬುಗಳ ಸಂಖ್ಯೆ 40 ದಾಟಿತು. ಅವನ ಮುಂದೆ ನನ್ನದೇನೂ ಅಲ್ಲ.

ಸೀಸನ್ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಶಾಲೆಗೆ ಮೇ ಕೊನೆಯಲ್ಲಿ ಒಂದು ವಾರ ರಜೆ. 2015ರಲ್ಲಿ ಆ ರಜೆಗೆ ಬೆಂಗಳೂರಿಗೆ ಬಂದಿದ್ದಾಗ ಕಂಠೀರವ ಸ್ಟೇಡಿಯಂಗೆ ಹೋಗಿದ್ದೆ, ಭಾರತದ ಐ-ಲೀಗಿನ ಆ ಸೀಸನ್ನಿನ ಕೊನೆಯ ಮ್ಯಾಚ್, ಬೆಂಗಳೂರು ಎಫ್‌ಸಿ ಮತ್ತು ಮೋಹನ್ ಬಗಾನ್. ಗೆದ್ದಿದ್ದರೆ ನಮ್ಮವರಿಗೆ ಸತತ ಎರಡನೇ ಪಟ್ಟ. ಜಾನ್ ಜಾನ್ಸನ್ ಗೋಲು ಹೊಡೆದ, ಕೊನೆಗೆ ಬಗಾನಿನ ಬೆಲ್ಲೊ ರಜಾಕ್ ಸಮ ಮಾಡಿದ, 1-1, ಪಟ್ಟ ಕೋಲ್ಕತ್ತಕ್ಕೆ ಹೋಯಿತು. ಜಾನ್ಸನ್ ಹಿಂದೆ ನಾರ್ಥ್ಯಾಂಪ್ಟನ್ ಟೌನ್‌ನಲ್ಲಿ ಆಡಿದವನು. ಕೋಚ್ ಆಶ್ಲಿ ವೆಸ್ಟ್‌ವುಡ್ ಕೂಡ ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಅಂತ ಊರೂರು ಸುತ್ತಿದ ಡಿಫೆಂಡರ್. ಆ ಸೀಸನ್ ಬೆಂಗಳೂರಿನ ಮಿಡ್‌ಫೀಲ್ಡಿನಲ್ಲಿದ್ದ ಜೋಶ್ ವಾಕರ್ ನನಗೆ ಇನ್ನೂ ಹತ್ತಿರದವನು ಅನ್ನಿಸಿದ. ಮಿಡ್ಲ್ಸ್‌ಬರೋ ಅಕಾಡೆಮಿಯ ಹುಡುಗ. 2008ರ ಫೆಬ್ರವರಿಯಲ್ಲಿ ಎರವಲು ಆಟಗಾರನಾಗಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಆಡುತ್ತಿದ್ದಾಗ ಯುರೋಪಿನ ಕ್ಲಬ್ಬುಗಳ ಯುಇಎಫ್‌ಎ ಕಪ್ಪಿನಲ್ಲಿ ಜರ್ಮನಿಯ ದೊಡ್ಡ ಕ್ಲಬ್ ಬಾಯರ್ನ್ ಮ್ಯೂನಿಕ್ ವಿರುದ್ಧ ಗೋಲು ಹೊಡೆದಿದ್ದ, ಮ್ಯಾಚ್ 2-2. ಆಮೇಲೆ ವಾಟ್‌ಫರ್ಡ್, ಸ್ಕನ್‌ಥಾರ್ಪ್, ನಾನ್-ಲೀಗಿನ ಗೇಟ್ಸ್‌ಹೆಡ್, ಅಲ್ಲಿಂದ ಬೆಂಗಳೂರು. ಪಕ್ಕದಲ್ಲಿದ್ದ ಮಾವ "ಅಲ್ಲಿ ನಡೀದೇ ಇದ್ದೋರು ಇಲ್ಲಿಗೆ ಬರ್ತಾರೆ, ಅಲ್ವೇನೋ?" ಅಂದರು. ಬಾಯರ್ನ್‌ಗೆ ಗೋಲು ಹೊಡೆದವನು ಮಾವ ಅಂದೆ. ನಂಬಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಆಟ ನಿಂತಿತು. ನ್ಯಾಷನಲ್ ಲೀಗಿನ ಡಿವಿಷನ್‌ಗಳ, ಅಂದರೆ ಐದು ಮತ್ತು ಆರನೇ ಮೆಟ್ಟಿಲಿನ ಕೆಳಗೆ ಆ ಸೀಸನ್ನಿನ ಲೀಗ್ ಫಲಿತಾಂಶಗಳನ್ನೆಲ್ಲ ಅಳಿಸಿಹಾಕಿದರು. ಮೇಲೇರುವುದೂ ಇಲ್ಲ, ಇಳಿಯುವುದೂ ಇಲ್ಲ. ವರ್ಷಕ್ಕೆ ಒಂದೆರಡು ಗೋಲು ಹೊಡೆಯುವ ನಾನು ಆ ವರ್ಷವೇ ಯಾಕೋ ಚೆನ್ನಾಗಿ ಹೊಡೆದಿದ್ದೆ. ಮೊಣಕಾಲು ನೋಯಲು ಶುರುವಾದದ್ದೂ ಆಮೇಲೇ. ಮನೆಯಲ್ಲಿ ಕೂತ ಆ ತಿಂಗಳುಗಳ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ.

ಈಗ ಒಂಬತ್ತನೇ ಮೆಟ್ಟಿಲಲ್ಲಿದ್ದೇನೆ. ಇಲ್ಲಿ ರೆಫರಿ ಜೊತೆ ವಾದ ಮಾಡಿದರೆ ಹಳದಿ ಕಾರ್ಡಿನ ಜೊತೆಗೆ ಹತ್ತು ನಿಮಿಷ ಹೊರಗೆ ನಿಲ್ಲಬೇಕು. 2019-20ರಿಂದ ಈ ಮಟ್ಟದಲ್ಲಿ ಬಂದ ನಿಯಮ ಇದು. ದಿನವಿಡೀ ಮಕ್ಕಳಿಗೆ ಸುಮ್ಮನಿರಿ ಅನ್ನುವ ಮೇಷ್ಟ್ರು ಲೈನಿನ ಆಚೆ ಕೈಕಟ್ಟಿ ನಿಂತದ್ದನ್ನು ನನ್ನ ಕ್ಲಾಸಿನ ಹುಡುಗನೊಬ್ಬ ಫೋಟೋ ತೆಗೆದು ಇಡೀ ಶಾಲೆಗೆ ಹಂಚಿದ್ದಾನೆ. ಮೊನ್ನೆ ಹಳೇ ಮ್ಯಾನೇಜರ್ ಒಬ್ಬ ಫೋನ್ ಮಾಡಿದ, ಹೊಸ ಕ್ಲಬ್ ಸೇರಿದ್ದಾನಂತೆ. ಮೈದಾನ 3ಜಿ, ಮನೆಯಿಂದ ಕಾರಿನಲ್ಲಿ 20 ನಿಮಿಷ, ದುಡ್ಡು ಪೆಟ್ರೋಲಿಗೆ ಸಾಕಾಗುವಷ್ಟು. ಕುರ್ಚಿ ಹತ್ತಿ ಹಾಡಬೇಕಾ ಅಂತ ಕೇಳಿದೆ. ಹಾಡಲೇಬೇಕು ಅಂದ. ನಾಳೆ ಏಳು ದಿನದ ನೋಟಿಸ್ ಕಳಿಸುತ್ತಾನೆ.