ಫ್ರೆಡ್ಡಿ ಚಂಡಮಾರುತವನ್ನು ನಕ್ಷೆಯ ಮೇಲೆ ಹಿಂಬಾಲಿಸಿದ್ದು

ಮುಂಬೈನ ಬಲ್ಲಾರ್ಡ್ ಎಸ್ಟೇಟಿನ ಒಂದು ಹಡಗು ಕಂಪನಿಯಲ್ಲಿ ಕುಳಿತು, ಹಿಂದೂ ಮಹಾಸಾಗರದಲ್ಲಿರುವ ನಮ್ಮ ಹಡಗುಗಳಿಗೆ ಹವಾಮಾನ ನೋಡಿ ದಾರಿ ಸೂಚಿಸುವುದು ನನ್ನ ಕೆಲಸ. 2023ರ ಫೆಬ್ರವರಿ 6ರಂದು ಆಸ್ಟ್ರೇಲಿಯಾದ ವಾಯವ್ಯಕ್ಕೆ ಹೆಸರು ಪಡೆದ ಫ್ರೆಡ್ಡಿ, ಮಾರ್ಚ್ ಮಧ್ಯದವರೆಗೂ ನನ್ನ ಮೇಜಿನ ಮೇಲೆಯೇ ಇತ್ತು.

ಪರದೆಯ ಮೇಲೆ ಎಲ್ಲವೂ ಸಿಗುತ್ತದಾದರೂ ನಾನು ಕಾಗದದ ನಕ್ಷೆಯನ್ನು ಬಿಟ್ಟಿಲ್ಲ. ಆರು ಗಂಟೆಗೊಮ್ಮೆ ಪ್ರಕಟವಾಗುವ ಚಂಡಮಾರುತದ ಕೇಂದ್ರದ ಸ್ಥಾನವನ್ನು ಗುರುತಿಸಿ, ಪಕ್ಕದಲ್ಲಿ ವಾಯುಭಾರವನ್ನೂ ಗಾಳಿಯ ವೇಗವನ್ನೂ ಬರೆಯುತ್ತೇನೆ. ಬಳಿಕ 34 ನಾಟ್ (ಗಂಟೆಗೆ ಸುಮಾರು 63 ಕಿ.ಮೀ.) ಗಾಳಿಯ ವಲಯವನ್ನು ಎಳೆದು, ಮುನ್ಸೂಚನೆ ಏರುಪೇರಾಗುವ ಸಾಧ್ಯತೆಗಾಗಿ ಅದನ್ನು 24 ಗಂಟೆ ಮುಂದಿನ ಸ್ಥಾನದಲ್ಲಿ 100, 48ರಲ್ಲಿ 200, 72ರಲ್ಲಿ 300 ನಾಟಿಕಲ್ ಮೈಲಿಯಷ್ಟು ಹೊರಕ್ಕೆ ಹಿಗ್ಗಿಸುತ್ತೇನೆ. ದಕ್ಷಿಣ ಗೋಳಾರ್ಧದಲ್ಲಿ ಗಾಳಿ ಪ್ರದಕ್ಷಿಣವಾಗಿ ಸುತ್ತುವುದರಿಂದ, ಪಶ್ಚಿಮಕ್ಕೆ ಸಾಗುವ ಚಂಡಮಾರುತದ ಎಡಬದಿ, ಅಂದರೆ ದಕ್ಷಿಣದ ಬದಿ, ಹೆಚ್ಚು ಅಪಾಯಕಾರಿ, ಅಲ್ಲಿ ಗಾಳಿಯ ವೇಗಕ್ಕೆ ಚಂಡಮಾರುತ ಸಾಗುವ ವೇಗವೂ ಸೇರುತ್ತದೆ. ಹೀಗಾಗಿ ಸುಂದಾ ಜಲಸಂಧಿಯಿಂದ ಡರ್ಬನ್ನಿಗೆ ಹೊರಟಿದ್ದ ಹಡಗನ್ನು ಉತ್ತರದಲ್ಲೇ ನಿಧಾನಗೊಳಿಸಿ, ಫ್ರೆಡ್ಡಿ ಮುಂದೆ ಹೋದ ಮೇಲೆ ಅದರ ಬೆನ್ನ ಹಿಂದೆ ದಕ್ಷಿಣಕ್ಕೆ ಇಳಿಯಲು ಹೇಳಿದೆವು.

ಪೂರ್ವ ರೇಖಾಂಶ 90 ದಾಟಿದೊಡನೆ ಎಚ್ಚರಿಕೆ ನೀಡುವ ಹೊಣೆ ಆಸ್ಟ್ರೇಲಿಯಾದಿಂದ ರಿಯೂನಿಯನ್ ದ್ವೀಪದ ಫ್ರೆಂಚ್ ಕೇಂದ್ರಕ್ಕೆ ಹೋಗುತ್ತದೆ. ಹೆಸರು ಮಾತ್ರ ಅದೇ ಉಳಿಯಿತು. ರಿಯೂನಿಯನ್ ಕೇಂದ್ರ 10 ನಿಮಿಷಗಳ ಸರಾಸರಿ ಗಾಳಿಯನ್ನೂ ಅಮೆರಿಕದ ಜಂಟಿ ಟೈಫೂನ್ ಎಚ್ಚರಿಕೆ ಕೇಂದ್ರ 1 ನಿಮಿಷದ ಸರಾಸರಿಯನ್ನೂ ಕೊಡುವುದರಿಂದ, ಎರಡನ್ನೂ ಒಂದೇ ಅಂಕಣದಲ್ಲಿ ಬರೆದರೆ ಇಲ್ಲದ ಏರಿಳಿತ ಕಾಣುತ್ತದೆ.

ನಿಜವಾದ ಏರಿಳಿತಗಳೇ ಬೇಕಾದಷ್ಟಿದ್ದವು. ಬಲಿಷ್ಠವಾಗಿದ್ದುದರಿಂದಲೇ ಫ್ರೆಡ್ಡಿ ಬಹುಕಾಲ ಬಾಳಿತೆನ್ನುವುದನ್ನು ನಾನು ಒಪ್ಪುವುದಿಲ್ಲ. ಕುಗ್ಗಿದಾಗಲೆಲ್ಲ ಅದರ ಕೆಳಗೆ ಚಂಡಮಾರುತಕ್ಕೆ ಬೇಕಾದ 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ನೀರು ಸಿಗುತ್ತಿತ್ತು, ದಕ್ಷಿಣದಲ್ಲಿದ್ದ ಅಧಿಕ ವಾಯುಭಾರದ ಪಟ್ಟಿ ಅದನ್ನು ತಣ್ಣೀರಿನ ಕಡೆ ತಿರುಗಲು ಬಿಡದೆ ಪಶ್ಚಿಮಕ್ಕೇ ನೂಕುತ್ತಿತ್ತು. ಫೆಬ್ರವರಿ 21ರಂದು ಮಡಗಾಸ್ಕರನ್ನೂ 24ರಂದು ಮೊಜಾಂಬಿಕ್‌ನ ವಿಲಂಕುಲೊ ಪ್ರದೇಶವನ್ನೂ ಅಪ್ಪಳಿಸಿ, ಒಳನಾಡಿನಲ್ಲಿ ಬರೀ ಮಳೆಮೋಡಗಳ ಸುಳಿಯಾಯಿತು. ಮೊಜಾಂಬಿಕ್‌ನದೇ ಬೇರಾ ಬಂದರಿಗೆ ಹೋಗಬೇಕಿದ್ದ ನಮ್ಮ ಹಡಗಿನ ಕ್ಯಾಪ್ಟನ್, ಕಾರವಾರದವರು, "ಸತ್ತ ಗಾಳಿಗೆ ಇನ್ನೆಷ್ಟು ದಿನ ಸೂತಕ?" ಎಂದು ಕೇಳಿದರು. ಸುಳಿ ಕರಾವಳಿಯಿಂದ ಬಹುದೂರ ಹೋಗಿರಲಿಲ್ಲ, ಎದುರಿನ ಮೊಜಾಂಬಿಕ್ ಕಡಲ್ಗಾಲುವೆಯ ನೀರೂ ಬೆಚ್ಚಗಿತ್ತು, ಕಾಯುವುದೇ ಲೇಸೆಂದೆ. ಮಾರ್ಚ್ ಆರಂಭದಲ್ಲಿ ಅದು ಕಡಲಿಗೆ ಮರಳಿ ಮತ್ತೆ ಚಂಡಮಾರುತವಾಯಿತು, ತಳ್ಳುವ ಗಾಳಿ ದುರ್ಬಲವಾಗಿದ್ದುದರಿಂದ ಅಲ್ಲೇ ತಡವರಿಸಿತು, 11ರಂದು ಕೆಲಿಮಾನೆಯ ಬಳಿ ಎರಡನೆಯ ಸಲ ಮೊಜಾಂಬಿಕ್‌ಗೆ ಬಡಿಯಿತು. ಅತಿ ದೊಡ್ಡ ಸಾವುನೋವು ಆದದ್ದು ಆಮೇಲೆ, ಕಡಲೇ ಇಲ್ಲದ ಮಲಾವಿಯಲ್ಲಿ. ಬ್ಲಾಂಟೈರ್ ಸುತ್ತಲಿನ ಪ್ರವಾಹ, ಭೂಕುಸಿತಗಳಲ್ಲಿ ನೂರಾರು ಜನ ತೀರಿಕೊಂಡರು.

ವಿಶ್ವ ಹವಾಮಾನ ಸಂಸ್ಥೆ 36 ದಿನಗಳ ಈ ಬಾಳನ್ನು ದಾಖಲೆಯೆಂದು 2024ರಲ್ಲಿ ದೃಢಪಡಿಸಿತು. ಅದುವರೆಗಿನ ದಾಖಲೆ 1994ರ ಪೆಸಿಫಿಕ್‌ನ ಜಾನ್ ಚಂಡಮಾರುತದ್ದು. ಕ್ರಮಿಸಿದ ದೂರದಲ್ಲಿ ಈಗಲೂ ಜಾನ್ ಮುಂದಿದೆ.

2023ರ ಜೂನ್ 15ರಂದು ಬಿಪರ್‌ಜಾಯ್ ಚಂಡಮಾರುತ ಗುಜರಾತಿನ ಜಖಾವ್ ಬಳಿ ನೆಲ ಮುಟ್ಟಿದಾಗಲೂ ನಾನು ನಕ್ಷೆಯನ್ನು ಮಡಚಲಿಲ್ಲ. ಕೇಂದ್ರ ಕಡಲಿನಿಂದ ಎಷ್ಟು ದೂರ ಹೋಗಿದೆ, ಮೇಲ್ಗಾಳಿ ಅದನ್ನು ಯಾವ ಕಡೆ ತಳ್ಳುತ್ತಿದೆ ಎಂಬೆರಡನ್ನು ನೋಡುತ್ತಿದ್ದೆ. ಅದು ಈಶಾನ್ಯಕ್ಕೆ, ರಾಜಸ್ಥಾನದೊಳಕ್ಕೆ ನಡೆದಿತ್ತು. ಕಾಂಡ್ಲಾದ ಹಡಗುಗಳಿಗೆ ಹೊರಡಬಹುದೆಂಬ ಸಂದೇಶ ಕಳಿಸಿದೆ.